ನಾಲ್ಕು ಹೊತ್ತಿಂದ ಮೂರು ಹೊತ್ತಿಗೆ ಇಳಿಸಿದ್ಮೇಲೆ ಮರಿ ಬೆಳಗಿನ ಜಾವ ಹಳದಿ ನೊರೆ ಕಕ್ತಿದೆ, ಎಲ್ಲಿ ತಪ್ಪಿದೆ?

ಜಾಲಹಳ್ಳಿ_ಚುಕ್ಕಿ:
ಎಲ್ಲರಿಗೂ ನಮಸ್ಕಾರ. ನಮ್ಮನೇಲಿ ಚುಕ್ಕಿ ಅಂತ ಮುಧೋಳ ನಾಯಿಮರಿ ಇದೆ. ಹೆಣ್ಣು, ಈಗ 17 ವಾರ. 9 ವಾರಕ್ಕೆ ಮನೆಗೆ ಬಂದಾಗಿಂದ ನಾಲ್ಕು ಹೊತ್ತು ಊಟ: ಬೆಳಗ್ಗೆ 7, ಮಧ್ಯಾಹ್ನ 12, ಸಂಜೆ 5, ರಾತ್ರಿ 9.30. ಪ್ಯಾಕೆಟ್ಟಿನ ಪಪ್ಪಿ ಫುಡ್ಡು, ಒಂದೊಂದು ಸಲಕ್ಕೆ ಒಂದು ಕಾಫಿ ಲೋಟದಷ್ಟು. ನಾಲ್ಕು ತಿಂಗಳಾದ್ಮೇಲೆ ಮೂರು ಹೊತ್ತು ಸಾಕು ಅಂತ ಎಲ್ಲ ಕಡೆ ಓದಿದ್ದೆ. ಜೊತೆಗೆ ನಮ್ದು ಮೂರನೇ ಮಹಡಿ, ಲಿಫ್ಟ್ ಇಲ್ಲ. ರಾತ್ರಿ 3 ಗಂಟೆಗೆ ಎದ್ದು ಅವಳನ್ನ ಎತ್ಕೊಂಡು ಕೆಳಗೆ ಹೋಗೋದು ಸಾಕಾಗಿ ಹೋಗಿತ್ತು. ಹಾಗಾಗಿ ರಾತ್ರಿ 9.30ರ ಬಟ್ಟಲು ತೆಗೆದುಹಾಕಿದೆ. ಈಗ ಬೆಳಗ್ಗೆ 8, ಮಧ್ಯಾಹ್ನ 1, ಸಂಜೆ 7.

ರಾತ್ರಿ ನಿದ್ದೆ ಸಿಕ್ತು. ಆದ್ರೆ ಕಳೆದ ಆರು ದಿನದಲ್ಲಿ ನಾಲ್ಕು ದಿನ ಬೆಳಗಿನ ಜಾವ ಐದೂವರೆ ಸುಮಾರಿಗೆ ಹಳದಿ ನೊರೆ ಕಕ್ಕಿದಾಳೆ. ಎರಡು ಚಮಚದಷ್ಟು, ಅದರಲ್ಲಿ ಊಟದ ಅಗುಳೂ ಇಲ್ಲ. ಕಕ್ಕಿ ಐದು ನಿಮಿಷಕ್ಕೆ ಬಾಲ ಆಡಿಸ್ಕೊಂಡು ಚಪ್ಪಲಿ ಕಚ್ಚೋಕೆ ಶುರು. 8 ಗಂಟೆಗೆ ಬಟ್ಟಲು ಇಟ್ರೆ ನಾಲ್ಕು ದಿನ ಉಪವಾಸ ಇದ್ದವರ ಥರ ತಿಂತಾಳೆ. ಕಕ್ಕ ಸರಿಯಾಗೇ ಇದೆ. ಮತ್ತೆ ನಾಲ್ಕು ಹೊತ್ತಿಗೆ ಹೋಗಬೇಕಾ?

ಮೈಸೂರು_ಮೇಷ್ಟ್ರಮ್ಮ:
ಹೋಗಬೇಕೋ ಬೇಡವೋ ಆಮೇಲೆ ನೋಡೋಣಪ್ಪ. ಮೊದಲು ಇಷ್ಟು ಹೇಳು. ಬಟ್ಟಲು ಒಂದು ಕಡಿಮೆ ಆಯ್ತಲ್ಲ, ಆ ಬಟ್ಟಲಲ್ಲಿದ್ದ ಊಟ ಎಲ್ಲಿ ಹೋಯ್ತು? ಉಳಿದ ಮೂರಕ್ಕೆ ಹಂಚಿದೆಯೋ, ಅಥವಾ ಅದೂ ಬಟ್ಟಲ ಜೊತೆಗೇ ಹೋಯ್ತೋ? ಸಂಜೆ 7ರಿಂದ ಬೆಳಗ್ಗೆ 8ಕ್ಕೆ ಎಷ್ಟು ಗಂಟೆ, ಬೆರಳಲ್ಲಿ ಎಣಿಸು. ಮೂವತ್ತು ವರ್ಷ ಲೆಕ್ಕ ಕಲಿಸಿದ ಅಭ್ಯಾಸ, ಬೇಜಾರು ಮಾಡ್ಕೋಬೇಡ.

ತುಮಕೂರು_ಹೈದ:
ಗುರು ನೀವು ಜಾಸ್ತಿ ಯೋಚನೆ ಮಾಡ್ತಿದೀರ. ನಮ್ಮ ತೋಟದ ನಾಯಿ ದಿನಕ್ಕೊಂದು ಹೊತ್ತು ಮುದ್ದೆ ತಿಂದ್ಕೊಂಡು 14 ವರ್ಷ ಬದುಕ್ತು. ನಾಯಿಗೆ ಟೈಂಟೇಬಲ್ ಹಾಕೋದು ಬೆಂಗಳೂರಲ್ಲಿ ಮಾತ್ರ.

ಲ್ಯಾಬ್_ಅಪ್ಪ:
ತೋಟದ ನಾಯಿ ಒಂದು ಹೊತ್ತು ನೀವು ಹಾಕಿದ್ದು ತಿಂತು. ಉಳಿದ ಹೊತ್ತು ಅದು ಏನೇನು ತಿಂತಿತ್ತು ಅಂತ ಅದನ್ನೇ ಕೇಳಬೇಕಿತ್ತು. ಇಲಿ, ಹೆಗ್ಗಣ, ಪಕ್ಕದ ಮನೆ ಕೋಳಿ. ಮೂರನೇ ಮಹಡಿ ಫ್ಲಾಟಲ್ಲಿ ಅದ್ಯಾವುದೂ ಸಿಗಲ್ಲ ಸ್ವಾಮಿ.

ತುಮಕೂರು_ಹೈದ:
ಕೋಳಿ ವಿಷಯ ನಿಮಗೆ ಯಾರು ಹೇಳಿದ್ರು 😄

ದಾವಣಗೆರೆ_ಪಶುವೈದ್ಯೆ:
ಮೊದಲು ಹೆದರಬೇಕಾದ ವಿಷಯ ಹೇಳಿ ಮುಗಿಸ್ತೀನಿ. ಈ ವಯಸ್ಸಿನ ಮರಿ ದಿನದಲ್ಲಿ ಹಲವು ಸಲ ವಾಂತಿ ಮಾಡಿದ್ರೆ, ಊಟ ಬಿಟ್ಟು ಮೂಲೆ ಸೇರಿದ್ರೆ, ಭೇದಿಯಲ್ಲಿ ರಕ್ತ ಕಂಡ್ರೆ, ಅದು ಊಟದ ಹೊತ್ತಿನ ಪ್ರಶ್ನೆ ಅಲ್ಲ. ಪಾರ್ವೊ (ಮರಿಗಳ ಜೀವಕ್ಕೇ ಕುತ್ತು ತರೋ ವೈರಸ್ ಕಾಯಿಲೆ) ಇರಬಹುದು. ಮನೆಮದ್ದು ಮಾಡ್ತಾ ಕೂರದೆ ಆ ಗಂಟೆಯಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಚುಕ್ಕಿಗೆ 16 ವಾರದ ಲಸಿಕೆ ಆಗಿದೆಯಾ? ಜಂತಿನ ಔಷಧಿ ಕೊನೆಗೆ ಯಾವಾಗ ಕೊಟ್ರಿ? ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡಬೇಕು. ಹೊಟ್ಟೆಯಲ್ಲಿ ಜಂತು ಇಟ್ಕೊಂಡು ಊಟದ ಲೆಕ್ಕ ಹಾಕಿ ಪ್ರಯೋಜನ ಇಲ್ಲ.

ಇದೆಲ್ಲ ಸರಿ ಇದ್ರೆ, ನೀವು ಬರೆದಿರೋದು ನಾವು ದಿನಾ ನೋಡೋ ಕಥೆ. ಜಠರ ಬಹಳ ಹೊತ್ತು ಖಾಲಿ ಬಿದ್ದಿದ್ರೆ ಸಣ್ಣ ಕರುಳಿನ ಪಿತ್ತರಸ ಹಿಂದಕ್ಕೆ ಹತ್ತಿ ಬರುತ್ತೆ, ಜಠರ ಕೆರಳುತ್ತೆ, ಹಳದಿ ನೊರೆ ಹೊರಗೆ ಬರುತ್ತೆ. ಅದಕ್ಕೇ ಬೆಳಗಿನ ಜಾವ, ಅದಕ್ಕೇ ಅಗುಳಿಲ್ಲ, ಅದಕ್ಕೇ ಆಮೇಲೆ ಏನೂ ಆಗಿಲ್ಲದ ಹಾಗೆ ಆಡ್ತಾಳೆ. ನಿಮ್ಮ ಮೇಷ್ಟ್ರಮ್ಮ ಕೇಳಿದ ಲೆಕ್ಕದಲ್ಲೇ ಉತ್ತರ ಇದೆ. 13 ಗಂಟೆ. ಮೂರು ಹೊತ್ತಿಗೆ ಇಳಿಸಿದ್ದು ತಪ್ಪಲ್ಲ, ವಯಸ್ಸು ಸರಿಯಾಗಿದೆ. ತೆಗೆದ ಬಟ್ಟಲು ತಪ್ಪು. ತೆಗೆಯೋದಾದ್ರೆ ಹಗಲಿನ ಮಧ್ಯದ್ದು ತೆಗೀಬೇಕು, ರಾತ್ರಿ ಕೊನೆಯದಲ್ಲ.

ಈಗ ಎಷ್ಟು ಗ್ರಾಂ ಹಾಕ್ತಿದೀರ, ಮರಿ ತೂಕ ಎಷ್ಟು ಹೇಳಿ. ಲೋಟದ ಲೆಕ್ಕ ಬೇಡ.

ಜಾಲಹಳ್ಳಿ_ಚುಕ್ಕಿ:
ಮೇಡಂ, ಲಸಿಕೆ ಹೋದ ವಾರ ಆಯ್ತು. ಜಂತಿನ ಔಷಧಿ 25 ದಿನದ ಹಿಂದೆ.

ಲೋಟದ ವಿಷಯಕ್ಕೆ ನಾಚಿಕೆ ಆಗ್ತಿದೆ. ಅಡುಗೆಮನೆ ತಕ್ಕಡಿ ತಂದು ಅದೇ ಸ್ಟೀಲ್ ಲೋಟ, ನಾನೇ, ಮೂರು ಸಲ ತುಂಬಿ ಇಟ್ಟೆ. ಮೊದಲ ಸಲ 52 ಗ್ರಾಂ. ಎರಡನೇ ಸಲ ಸ್ವಲ್ಪ ಗೋಪುರ ಬಂತು, 70. ಮೂರನೇ ಸಲ ಲೋಟ ಕುಟ್ಟಿ ತುಂಬಿದೆ, 61. ಸರಾಸರಿ 60 ಅಂತ ಇಟ್ಕೊಂಡ್ರೆ ಮೊದಲು ದಿನಕ್ಕೆ 240 ಗ್ರಾಂ, ಈಗ 180. ಮೇಷ್ಟ್ರಮ್ಮ, ನೀವು ಕೇಳಿದ್ದು ಸರಿ. ಊಟ ಬಟ್ಟಲ ಜೊತೆಗೇ ಹೋಗಿದೆ.

ತೂಕಕ್ಕೆ ಅವಳನ್ನ ಎತ್ಕೊಂಡು ನಿಂತು, ಆಮೇಲೆ ನಾನೊಬ್ಬನೇ ನಿಂತು ಕಳೆದೆ: 9.2 ಕಿಲೋ.

ದಾವಣಗೆರೆ_ಪಶುವೈದ್ಯೆ:
ಒಳ್ಳೆ ಕೆಲಸ. ಲೆಕ್ಕ ಹೀಗಿದೆ. ತೂಕವನ್ನ 0.75ರ ಘಾತಕ್ಕೆ ಏರಿಸಿ 70ರಿಂದ ಗುಣಿಸಿದ್ರೆ ಸುಮ್ಮನೆ ಮಲಗಿರೋ ನಾಯಿಗೆ ಬೇಕಾದ ಕ್ಯಾಲೊರಿ ಬರುತ್ತೆ. 9.2 ಕಿಲೋಗೆ ಅದು ಸುಮಾರು 370. ನಾಲ್ಕು ತಿಂಗಳ ಒಳಗಿನ ಮರಿಗೆ ಅದರ ಮೂರು ಪಟ್ಟು, ನಾಲ್ಕು ತಿಂಗಳು ದಾಟಿದ ಮೇಲೆ ಹತ್ತಿರ ಹತ್ತಿರ ಎರಡು ಪಟ್ಟು. ಚುಕ್ಕಿ ಈಗ ಹೊಸಿಲ ಮೇಲೆ ನಿಂತಿದಾಳೆ, ಎರಡೂವರೆ ಪಟ್ಟು ಹಿಡೀರಿ, 925. ನಿಮ್ಮ ಪ್ಯಾಕೆಟ್ಟಿನ ಹಿಂಭಾಗದಲ್ಲಿ 100 ಗ್ರಾಮಿಗೆ ಎಷ್ಟು ಕ್ಯಾಲೊರಿ ಅಂತ ಬರೆದಿರ್ತಾರೆ. 380 ಇದ್ರೆ ದಿನಕ್ಕೆ 240ರ ಆಸುಪಾಸು ಬರುತ್ತೆ. ಅಂದ್ರೆ ನಿಮ್ಮ ಹಳೇ ಲೋಟ ಅದೃಷ್ಟಕ್ಕೆ ಸರಿಯಾಗಿತ್ತು. 180ಕ್ಕೆ ಇಳಿಸಿದ್ದು ಬೆಳೆಯೋ ಮರಿಗೆ ಕಾಲು ಭಾಗ ಕಡಿತ.

ಈ ಸಂಖ್ಯೆ ಶುರು ಮಾಡೋದಕ್ಕೆ ಮಾತ್ರ. ಎರಡು ವಾರಕ್ಕೊಮ್ಮೆ ತೂಗಿ, ಪಕ್ಕೆ ಮುಟ್ಟಿ, ಹೆಚ್ಚು ಕಡಿಮೆ ಮಾಡ್ತಾ ಹೋಗಿ.

ಘಟಪ್ರಭಾ_ದಂಡಿ:
ನಮಸ್ಕಾರ್ರಿ. ಮುಧೋಳ ತಾಲೂಕಿನಾಂವ ನಾನು. ಮನ್ಯಾಗ ಅಜ್ಜನ ಕಾಲದಿಂದ ಈ ನಾಯಿ ಅದಾವ್ರಿ. ಮರಿ ಎಲ್ಲಿಂದ ತಂದ್ರಿ, ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರದಾಗಿಂದೋ, ಮನಿಯವರ ಕಡಿಂದೋ?

ಪಕ್ಕೆ ಮುಟ್ರಿ ಅಂತ ಡಾಕ್ಟರ್ ಮೇಡಮ್ಮಾರು ಹೇಳ್ಯಾರ, ಅದಕ್ಕೊಂದು ಮಾತು ಕೂಡಸ್ತೀನಿ. ಮುಧೋಳ ನಾಯಿಗೆ ಹಿಂದಿನ ಎರಡು ಮೂರು ಪಕ್ಕೆಲಬು ಕಂಡ್ರ ಅದು ಬಡಕಲು ಅಲ್ರಿ. ಓಡು ನಾಯಿ ಅದು, ಅದರ ಮೈಕಟ್ಟೇ ಹಂಗ. ಪ್ಯಾಟಿ ಮಂದಿ ನೋಡಿ "ಅಯ್ಯ ಪಾಪ, ಉಪಾಸ ಕೆಡವ್ಯಾರ" ಅಂತಾರ. ಅವರ ಮಾತು ಕೇಳಿ ತಿನಿಸಿ ತಿನಿಸಿ ಲ್ಯಾಬ್ರಡಾರ್ ಮಾಡಿಟ್ಟವರನ್ನ ನೋಡೀನಿ. ಎಳೇ ಕಾಲು ಭಾರ ತಡಿಯೂದಿಲ್ರಿ. ಬೆನ್ನೆಲಬು ಎದ್ದು ಕಂಡ್ರ, ಸೊಂಟದ ಎಲಬು ಚೂಪ್ ಆದ್ರ ಆವಾಗ ಕಾಳಜಿ ಮಾಡ್ರಿ.

ನಮ್ಮ ಕಡೆ ದೊಡ್ಡ ನಾಯಿಗೆ ಎರಡ ಹೊತ್ತು: ಹಾಲಾಗ ನೆನಸಿದ ಜ್ವಾಳದ ರೊಟ್ಟಿ, ಇದ್ರ ಒಂದ್ ತತ್ತಿ. ಮರಿಗೆ ನಾಕ ಸಲ. ರಾತ್ರಿ ನಾವು ಉಂಡಾದ ಮ್ಯಾಲೆ ಮರಿಗೊಂದು ತುತ್ತು ಹಾಕಿನ ಬಾಗಲಾ ಹಾಕೂದು. ಯಾಕ ಅಂತ ಅಜ್ಜಗ ಕೇಳಿದ್ರ "ಖಾಲಿ ಹೊಟ್ಟಿ ಮರಿ ನಸುಕಿನ್ಯಾಗ ಕಾರ್ತೈತಿ" ಅಂತಿದ್ದ.

ಜಾಲಹಳ್ಳಿ_ಚುಕ್ಕಿ:
ಅಣ್ಣಾ, ಊರಿನವರೇ ಸಿಕ್ಕಿದ್ರಿ, ಖುಷಿಯಾಯ್ತು. ಲೋಕಾಪುರದ ಹತ್ತಿರ ಒಬ್ಬರ ಮನೆಯಿಂದ ತಂದಿದ್ದು. ನಮ್ಮ ಅಪಾರ್ಟ್‌ಮೆಂಟಲ್ಲೂ ದಿನಾ ಅದೇ ಡೈಲಾಗು, "ಊಟ ಹಾಕಲ್ವಾ?" 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಸ್ಟ್ಯಾಂಪ್ ತಂದಿತ್ತಲ್ಲ, ಅದನ್ನ ಮೊಬೈಲಲ್ಲಿ ಇಟ್ಕೊಂಡಿದೀನಿ. ಕೇಳಿದವರಿಗೆ ತೋರಿಸಿ "ನೋಡಿ, ಇದೂ ಹೀಗೇ ಇದೆ" ಅಂತೀನಿ.

ಒಂದು ಡೌಟು. ನಾವೂ ಹಾಲು ರೊಟ್ಟಿ ಹಾಕಬಹುದಾ? ಪ್ಯಾಕೆಟ್ 3 ಕಿಲೋ ತಂದ್ರೆ ಎರಡು ವಾರ ಬರಲ್ಲ, ಜೇಬು ಅಳ್ತಿದೆ.

ಕುಡ್ಲ_ಬಂಗುಡೆ:
ಹಾಲು ಜಾಗ್ರತೆ ಮಾರಾಯ್ರೆ. ನಮ್ಮ ಮರಿಗೆ ಪಾಪ ಅಂತ ಒಂದು ಲೋಟ ಹಾಲು ಕೊಟ್ಟದ್ದು, ಮರುದಿನ ಮನೆಯಿಡೀ ತೊಳೆಯುವ ಕೆಲಸ. ತಾಯಿ ಹಾಲು ಬಿಟ್ಟ ಮೇಲೆ ತುಂಬ ನಾಯಿಗಳಿಗೆ ದನದ ಹಾಲು ಜೀರ್ಣ ಆಗುವುದಿಲ್ಲ. ಮೊಸರಾದರೆ ಅಡ್ಡಿಲ್ಲ. ನಾವು ಬಂಗುಡೆ ಬೇಯಿಸಿ ಮುಳ್ಳು ತೆಗೆದು ಕುಚ್ಚಲಕ್ಕಿ ಗಂಜಿಯಲ್ಲಿ ಕಲಸಿ ಕೊಡುವುದು, ಪ್ಯಾಕೆಟ್ ಅರ್ಧ ಇದು ಅರ್ಧ. ಮುಳ್ಳು ತೆಗೆಯುವುದೇ ದೊಡ್ಡ ಕೆಲಸ, ಸುಳ್ಳು ಹೇಳುವುದಿಲ್ಲ.

ಘಟಪ್ರಭಾ_ದಂಡಿ:
ನಮ್ಮ ಮರಿ ಹುಟ್ಟಿದಾಗಿಂದ ಹಾಲು ಕಂಡಾವ್ರಿ, ಅವಕ್ಕ ಒಗ್ಗೈತಿ. ಪ್ಯಾಟ್ಯಾಗಿನ ಮರಿಗೆ ಒಮ್ಮಿಂದೊಮ್ಮೆ ಹಾಕಬ್ಯಾಡ್ರಿ, ಅದು ಖರೇ.

ಲ್ಯಾಬ್_ಅಪ್ಪ:
ಮನೆ ಊಟ ಅಂದ ತಕ್ಷಣ ನನ್ನ ಕಥೆ ಹೇಳಲೇಬೇಕು. ನಮ್ಮ ಬ್ರೂನೋಗೆ ಮೂರು ತಿಂಗಳಿದ್ದಾಗ ಅನ್ನ ಮತ್ತು ಕೋಳಿ ಹಾಕ್ತಿದ್ವಿ. ಕೋಳಿ ಅಂದ್ರೆ ಬರೀ ಮಾಂಸ, ಮೂಳೆ ಇಲ್ಲ. ಎರಡು ತಿಂಗಳಲ್ಲಿ ಮುಂಗಾಲು ಬಿಲ್ಲಿನ ಥರ ಬಾಗೋಕೆ ಶುರುವಾಯ್ತು. ಅಂಗಡಿಯವನು ಕ್ಯಾಲ್ಸಿಯಂ ಸಿರಪ್ ಕೊಟ್ಟ. ಇನ್ನೊಬ್ಬರು ಹೇಳಿದ್ರು ಅಂತ ಪಪ್ಪಿ ಫುಡ್ಡಿಗೆ ಬದಲಾಯಿಸಿದ್ವಿ, ಆದ್ರೆ ಸಿರಪ್ ನಿಲ್ಲಿಸಲಿಲ್ಲ. ಕೊನೆಗೆ ಡಾಕ್ಟರು ಎಕ್ಸ್‌ರೇ ತೆಗೆಸಿ ಬೈದ್ರು: ಮೊದಲು ಕ್ಯಾಲ್ಸಿಯಂ ಇಲ್ಲದ ಊಟ ಹಾಕಿದ್ದು ಒಂದು ತಪ್ಪು, ಆಮೇಲೆ ಭರ್ತಿ ಇರೋ ಊಟದ ಮೇಲೆ ಇನ್ನೂ ಸುರಿದಿದ್ದು ಎರಡನೇ ತಪ್ಪು. ಎರಡೂ ಕಡೆಯಿಂದ ಹಾಳು ಮಾಡಿದ್ದೆ. ಈಗ ಆರು ವರ್ಷ, ನಡೀತಾನೆ, ಆದ್ರೆ ಮಳೆಗಾಲದಲ್ಲಿ ಮೆಟ್ಟಿಲು ಹತ್ತೋವಾಗ ನಿಂತು ನಿಂತು ಹತ್ತೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ದಾವಣಗೆರೆ_ಪಶುವೈದ್ಯೆ:
ಲ್ಯಾಬ್_ಅಪ್ಪ ಅವರು ಬರೆದಿದ್ದನ್ನ ಎರಡು ಸಲ ಓದಿ. ಮಾಂಸ ಮತ್ತು ಅನ್ನದಲ್ಲಿ ರಂಜಕ (ಫಾಸ್ಫರಸ್) ಇದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಕಮ್ಮಿಯಾದಾಗ ದೇಹ ಮೂಳೆಯಿಂದಲೇ ಕಿತ್ತು ತಗೊಳ್ಳುತ್ತೆ. ಇನ್ನು ಮೇಲಿಂದ ಸುರಿದ್ರೆ, ದೊಡ್ಡ ನಾಯಿ ಥರ ಬೇಡದ್ದನ್ನ ಕರುಳಲ್ಲೇ ತಡೆಯೋ ಶಕ್ತಿ ಮರಿಗೆ ಇರಲ್ಲ. ಕೊಟ್ಟಷ್ಟೂ ಒಳಗೆ ಹೋಗಿ ಮೂಳೆ, ಕೀಲು ಬೆಳೆಯೋ ಕ್ರಮವೇ ಕೆಡುತ್ತೆ.

ಅದಕ್ಕೆ ಚುಕ್ಕಿಗೆ ನನ್ನ ಸಲಹೆ: ವರ್ಷ ತುಂಬೋವರೆಗೂ ಬಹುಪಾಲು ಪಪ್ಪಿ ಫುಡ್ಡೇ ಇರಲಿ. ಮನೆ ಊಟ ದಿನದ ಕ್ಯಾಲೊರಿಯಲ್ಲಿ ಹತ್ತನೇ ಒಂದು ಭಾಗ ದಾಟದಿರಲಿ. ಬೇಯಿಸಿದ ಮೊಟ್ಟೆ, ಮೊಸರು, ಕುಂಬಳಕಾಯಿ, ಉಪ್ಪಿಲ್ಲದ ಅನ್ನ, ಸ್ವಲ್ಪ ರಾಗಿ ಮುದ್ದೆ, ಎಲ್ಲ ಸರಿ. ನಮ್ಮ ಸಾರು ಮಾತ್ರ ಬೇಡ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುತ್ತೆ, ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿಯಿಂದ ಕಿಡ್ನಿ ಹೋಗಬಹುದು. ಬೇಯಿಸಿದ ಕೋಳಿ ಮೂಳೆ ಚೂರು ಚೂರಾಗಿ ಕರುಳಿಗೆ ಚುಚ್ಚುತ್ತೆ. ಬೇರೆ ಕಂಪನಿ ಪ್ಯಾಕೆಟ್ಟಿಗೆ ಹೋಗೋದಾದ್ರೂ ಒಂದು ವಾರ ಹತ್ತು ದಿನ ತಗೊಂಡು ಕಾಲು, ಅರ್ಧ, ಮುಕ್ಕಾಲು ಅಂತ ಬೆರೆಸ್ತಾ ಹೋಗಿ.

ತುಮಕೂರು_ಹೈದ:
ಮುದ್ದೆಗೆ ಡಾಕ್ಟರ್ ಸರ್ಟಿಫಿಕೇಟ್ ಸಿಕ್ತು. ನಾನಿನ್ನು ಮಾತಾಡಲ್ಲ.

ಮೈಸೂರು_ಮೇಷ್ಟ್ರಮ್ಮ:
"ಸ್ವಲ್ಪ" ಅಂತ ಬರೆದಿದಾರೆ, ಅದನ್ನೂ ಓದು.

ಜಾಲಹಳ್ಳಿ_ಚುಕ್ಕಿ (ಹತ್ತು ದಿನದ ಮೇಲೆ):
ಏನೇನಾಯ್ತು ಅಂತ ಬರೀತೀನಿ. ಅವತ್ತೇ ರಾತ್ರಿ ಹಳೇ ದಾರಿಗೆ ಬಂದೆ, ಆದ್ರೆ ಮೂರೇ ಬಟ್ಟಲು: ಬೆಳಗ್ಗೆ 7ಕ್ಕೆ 85 ಗ್ರಾಂ, ಮಧ್ಯಾಹ್ನ 2ಕ್ಕೆ 85, ರಾತ್ರಿ 9.30ಕ್ಕೆ 70. ಹೊತ್ತು ಒಮ್ಮೆಲೇ ಬದಲಾಯಿಸಲಿಲ್ಲ, ದಿನಕ್ಕೆ ಕಾಲು ಗಂಟೆ ಹಾಗೆ ಮಧ್ಯಾಹ್ನದ್ದನ್ನ ಮುಂದಕ್ಕೆ ತಳ್ಳಿದೆ. ಎರಡನೇ ದಿನ ಒಂದು ಸಲ ನೊರೆ ಬಂತು, ಆಮೇಲೆ ಇಲ್ಲ. ಊಟ ಆಗಿ ಇಪ್ಪತ್ತು ನಿಮಿಷಕ್ಕೆ ಕಕ್ಕ ಬರುತ್ತೆ ಅಂತ ಗೊತ್ತಾಯ್ತು. ರಾತ್ರಿ 10ಕ್ಕೆ ಕೆಳಗೆ ಕರ್ಕೊಂಡು ಹೋಗಿ ಬಂದ್ರೆ ಬೆಳಗ್ಗೆ 5.30ರವರೆಗೆ ಮಲಗ್ತಾಳೆ. ನಾನು ಯಾವುದಕ್ಕೆ ಹೆದರಿ ಆ ಬಟ್ಟಲು ತೆಗೆದಿದ್ನೋ ಅದು ಊಟದ ಸಮಸ್ಯೆನೇ ಆಗಿರಲಿಲ್ಲ, ಮಲಗೋ ಮುಂಚೆ ಒಂದು ಸುತ್ತು ಕೆಳಗೆ ಹೋಗದ ನನ್ನ ಸೋಮಾರಿತನ.

ಆದ್ರೆ ಇನ್ನೊಂದು ವಿಷಯ ಹೊರಗೆ ಬಂತು. ನಿನ್ನೆ ಅಮ್ಮನಿಗೆ ಫೋನ್ ಮಾಡಿದ್ದೆ (ಅವರು ಹಾಸನಕ್ಕೆ, ಅಕ್ಕನ ಮನೆಗೆ ಹೋಗಿ ಮೂರು ವಾರ ಆಯ್ತು). "ಚುಕ್ಕಿ ಹೇಗಿದಾಳೆ, ದೋಸೆ ತಿಂತಾಳಾ?" ಅಂದ್ರು. ಯಾವ ದೋಸೆ? ಕೇಳಿದ್ರೆ ದಿನಾ ಬೆಳಗ್ಗೆ ನಾನು ಸ್ನಾನಕ್ಕೆ ಹೋದಾಗ ಒಂದು ದೋಸೆ, ಮಧ್ಯಾಹ್ನ ನಾನು ಮೀಟಿಂಗಲ್ಲಿದ್ದಾಗ ಅರ್ಧ ಚಪಾತಿ. "ಪಾಪ, ನೋಡ್ತಾ ಕೂತಿರುತ್ತೆ, ಹೆಂಗೋ ತಿನ್ನೋದು ಗಂಟಲಲ್ಲಿ ಇಳಿಯುತ್ತೆ?" ಅಂದ್ರು. ಅಂದ್ರೆ ಅಮ್ಮ ಊರಿಗೆ ಹೋದ ಮೇಲೆ ನಾನು ಬಟ್ಟಲೂ ಕಿತ್ತುಕೊಂಡಿದೀನಿ, ದೋಸೆನೂ ನಿಂತಿದೆ. ಮರಿ ನನ್ನನ್ನ ಏನಂತ ತಿಳ್ಕೊಂಡಿರಬಹುದು!

ಮೈಸೂರು_ಮೇಷ್ಟ್ರಮ್ಮ:
ನಗು ತಡೆಯೋಕೆ ಆಗ್ತಿಲ್ಲ. ನಿಮ್ಮಮ್ಮನನ್ನ ಬೈಬೇಡ. ನಮ್ಮನೆ ಬೀದಿ ಮರಿ ಕರಿಯ ದಪ್ಪಗಾಗ್ತಾ ಹೋಗ್ತಿದ್ದ, ನಾನು ಊಟ ಕಮ್ಮಿ ಮಾಡ್ತಾ ಹೋದೆ. ಒಂದು ದಿನ ನೋಡಿದ್ರೆ ನಮ್ಮ ಯಜಮಾನ್ರು ಪೇಪರ್ ಓದೋ ನೆಪದಲ್ಲಿ ಒಂದೊಂದೇ ಮಾರಿ ಬಿಸ್ಕೆಟ್ ಕೆಳಗೆ ಬಿಡ್ತಿದಾರೆ. ಲೆಕ್ಕ ಹಾಕಿದ್ರೆ ದಿನಕ್ಕೆ ಒಂಬತ್ತು! ಈಗ ಬೆಳಗ್ಗೆನೇ ದಿನದ ಪೂರ್ತಿ ಊಟ ತೂಗಿ ಒಂದು ಡಬ್ಬಿಗೆ ಹಾಕಿಡ್ತೀನಿ. ಯಾರು ಏನು ಕೊಡೋದಿದ್ರೂ ಆ ಡಬ್ಬಿಯಿಂದಲೇ ತೆಗೆದು ಕೊಡಬೇಕು. ಡಬ್ಬಿ ಖಾಲಿ ಅಂದ್ರೆ ಅಂಗಡಿ ಮುಚ್ಚಿತು.

ಸದಾಶಿವನಗರ_ಪಾಮ್:
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಮ್ದು ಪಾಮೆರೇನಿಯನ್, 14 ವಾರ, ಒಂದೂಕಾಲು ಕಿಲೋ. ನಾವೂ ಮೂರು ಹೊತ್ತಿಗೆ ಇಳಿಸಬಹುದಾ?

ದಾವಣಗೆರೆ_ಪಶುವೈದ್ಯೆ:
ಬೇಡ. ಅಷ್ಟು ಪುಟ್ಟ ಮರಿಯ ಮೈಯಲ್ಲಿ ಸಕ್ಕರೆ ಕೂಡಿಡೋ ಜಾಗವೇ ಕಮ್ಮಿ. ಊಟ ತಡವಾದ್ರೆ ರಕ್ತದ ಸಕ್ಕರೆ ಇಳಿದು ತೂರಾಡಬಹುದು, ಫಿಟ್ಸ್ ಕೂಡ ಬರಬಹುದು. ಇನ್ನೊಂದಷ್ಟು ವಾರ ನಾಲ್ಕು ಹೊತ್ತೇ ಇರಲಿ. ತೂರಾಡ್ತಾ ಇದೆ ಅನ್ನಿಸಿದ್ರೆ ಒಸಡಿಗೆ ಸ್ವಲ್ಪ ಜೇನು ಸವರಿ, ತಕ್ಷಣ ಡಾಕ್ಟರ ಹತ್ತಿರ ಹೊರಡಿ.

ಜಾಲಹಳ್ಳಿ_ಚುಕ್ಕಿ:
ಮೇಡಂ ಇನ್ನೊಂದೇ ಪ್ರಶ್ನೆ. ಮುಂದಿನ ತಿಂಗಳಿಂದ ವಾರಕ್ಕೆ ಮೂರು ದಿನ ಆಫೀಸು. 9ಕ್ಕೆ ಬಿಟ್ರೆ ಬರೋದು 7. ಮಧ್ಯಾಹ್ನದ ಬಟ್ಟಲು ತೆಗೆದು ಎರಡೇ ಹೊತ್ತು ಮಾಡಲಾ? ಅಥವಾ ಟೈಮರ್ ಇರೋ ಆಟೋಮ್ಯಾಟಿಕ್ ಬಟ್ಟಲು ತಗೊಳ್ಳಲಾ?

ದಾವಣಗೆರೆ_ಪಶುವೈದ್ಯೆ:
ಎರಡು ಹೊತ್ತಿಗೆ ಆರು ತಿಂಗಳು ಆಗಲಿ. ಆಮೇಲೂ ಎರಡಕ್ಕಿಂತ ಕೆಳಗೆ ಇಳಿಸಬೇಡಿ, ಜೀವಮಾನ ಪೂರ್ತಿ. ಎದೆ ಆಳ ಇರೋ ಜಾತಿ ಇದು. ಇಡೀ ದಿನದ್ದು ಒಂದೇ ಸಲ ಗಬಗಬ ತಿಂದ್ರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳೋ ಅಪಾಯ ಇದೆ. ಹಾಗಾದ್ರೆ ಕೆಲವೇ ಗಂಟೆಯಲ್ಲಿ ಜೀವ ಹೋಗುತ್ತೆ. ಊಟ ಆಗಿ ಒಂದು ಗಂಟೆ ಓಟ, ಕುಣಿತ ಬೇಡ.

ಟೈಮರ್ ಬಟ್ಟಲು ಊಟ ಹಾಕುತ್ತೆ, ಕೆಳಗೆ ಕರ್ಕೊಂಡು ಹೋಗಲ್ಲ. ಈ ವಯಸ್ಸಲ್ಲಿ ಹತ್ತು ಗಂಟೆ ಉಚ್ಚೆ ತಡ್ಕೊಳೋದು ಕಷ್ಟ. ಮಧ್ಯಾಹ್ನ ಬರೋರು ಯಾರಾದ್ರೂ ಬೇಕು.

ಜಾಲಹಳ್ಳಿ_ಚುಕ್ಕಿ:
ಕೆಳಗಿನ ಮನೆ ಹುಡುಗಿ ಪಿಯುಸಿ, 2 ಗಂಟೆಗೆ ಕಾಲೇಜಿಂದ ಬರ್ತಾಳೆ. ಕೇಳಿದೆ, ಕುಣಿದಾಡಿಬಿಟ್ಲು. ಮೂರು ಪುಟ್ಟ ಡಬ್ಬಿ ತಂದು ಮೇಲೆ ಸೋಮ, ಬುಧ, ಶುಕ್ರ ಅಂತ ಬರೆದು 85 ಗ್ರಾಂ ತೂಗಿಟ್ಟಿದೀನಿ. ಲೋಟನ ಅಡುಗೆಮನೆಗೇ ವಾಪಸ್ ಕೊಟ್ಟೆ.

ಜಾಲಹಳ್ಳಿ_ಚುಕ್ಕಿ (25ನೇ ವಾರ):
ಮರೆತಿಲ್ಲ, ಬಂದಿದೀನಿ. ಚುಕ್ಕಿ ಈಗ 13.8 ಕಿಲೋ. 20ನೇ ವಾರದಲ್ಲಿ ನಾಲ್ಕು ದಿನ ಅರ್ಧ ಬಟ್ಟಲು ಹಾಗೇ ಬಿಡ್ತಿದ್ಲು. ಮತ್ತೆ ಇಲ್ಲಿ ಓಡಿ ಬರೋಣ ಅಂತಿದ್ದೆ, ಅಷ್ಟರಲ್ಲಿ ಸೋಫಾ ಕೆಳಗೆ ಅಕ್ಕಿಕಾಳಿನಷ್ಟು ಒಂದು ಹಲ್ಲು ಸಿಕ್ತು. ಹಾಲು ಹಲ್ಲು ಉದುರ್ತಿದೆ, ಒಸಡು ನೋವು. ಊಟಕ್ಕೆ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ನೆನೆಸಿ ಕೊಟ್ಟೆ, ತಿಂದ್ಲು. ಈಗ ದಿನಕ್ಕೆ 260 ಗ್ರಾಂ. ಮಧ್ಯಾಹ್ನದ್ದನ್ನ ಮೂರು ದಿನಕ್ಕೊಮ್ಮೆ ಹತ್ತತ್ತು ಗ್ರಾಂ ಕಮ್ಮಿ ಮಾಡಿ ಬೆಳಗ್ಗೆ ರಾತ್ರಿಗೆ ಹಂಚ್ತಾ ಇದೀನಿ. ಸದ್ಯ 110, 40, 110ಕ್ಕೆ ಬಂದಿದೆ. ಕೆಳಗಿನ ಮನೆ ಹುಡುಗಿಗೆ ಮಾತ್ರ ಈ ಸುದ್ದಿ ಇಷ್ಟ ಆಗಿಲ್ಲ. "ಊಟ ಇಲ್ಲದಿದ್ರೂ ನಾನು ಬರ್ತೀನಿ ಅಂಕಲ್" ಅಂದಿದಾಳೆ.

ಘಟಪ್ರಭಾ_ದಂಡಿ:
ಭೇಷ್ ರಿ. ಫೋಟೋ ಹಾಕ್ರಿ, ಕಾಲು ನೋಡೂಣು.

ಮೈಸೂರು_ಮೇಷ್ಟ್ರಮ್ಮ:
ಅಮ್ಮ ವಾಪಸ್ ಬಂದ್ರಾ?

ಜಾಲಹಳ್ಳಿ_ಚುಕ್ಕಿ:
ಮೊನ್ನೆ ಬಂದ್ರು. ಡಬ್ಬಿ ಲೆಕ್ಕ ಎಲ್ಲ ವಿವರಿಸಿದೆ, ತಲೆ ಆಡಿಸಿದ್ರು. ಒಂದು ದೋಸೆ ಅಂದ್ರೆ ಡಬ್ಬಿಯಿಂದ 30 ಗ್ರಾಂ ತೆಗೀಬೇಕಮ್ಮ ಅಂದೆ. ಇವತ್ತು ಸ್ನಾನ ಮುಗಿಸಿ ಬಂದು ನೋಡ್ತೀನಿ, ಡಬ್ಬಿ ಪಕ್ಕ ಒಂದು ತಟ್ಟೆಯಲ್ಲಿ ಲೆಕ್ಕವಾಗಿ 15 ಗ್ರಾಂ ತೆಗೆದಿಟ್ಟಿದಾರೆ. ಚುಕ್ಕಿ ಬಾಯಿ ಚಪ್ಪರಿಸ್ತಾ ಕೂತಿದಾಳೆ. ಉಳಿದ ಅರ್ಧ ದೋಸೆ ಯಾರ ಹೊಟ್ಟೆಗೆ ಹೋಯ್ತು ಅಂತ ಇಬ್ಬರೂ ಬಾಯಿ ಬಿಡ್ತಿಲ್ಲ.